ಎರಡು ಆಕ್ಸಲ್, ಎರಡು ಅನುಪಾತ: ಹಳೆಯ ಜೀಪುಗಳಲ್ಲಿ ಕಾನೂನಿಗೆ ಕಾಣದ ದೋಷ

ಕೊಡಚಾದ್ರಿಯ ನೆತ್ತಿಗೆ ಜೀಪಿನಲ್ಲಿ ಹೋಗಿ ಬಂದವರಿಗೆ ಆ ದಾರಿಯನ್ನು ವರ್ಣಿಸಿ ಹೇಳಬೇಕಿಲ್ಲ. ಮಳೆ ಕೊರೆದ ಚರಂಡಿ, ಎದ್ದ ಬಂಡೆ, ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ಕೆಸರಿನಲ್ಲಿ. ಮಡಿಕೇರಿಯ ಕಡೆಯಿಂದ ಮಾಂದಲಪಟ್ಟಿಗೆ ಏರುವ ದಾರಿಯ ಕತೆಯೂ ಬೇರೆಯಲ್ಲ. ಇಂಥ ಕಡೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳಲ್ಲಿ, ಕಾಫಿ ತೋಟಗಳಲ್ಲಿ ಗೊಬ್ಬರ ಸಾಗಿಸುವ ಜೀಪುಗಳಲ್ಲಿ, ನಗರದ ಹವ್ಯಾಸಿಗಳು ಭಾನುವಾರದ ಸಾಹಸಕ್ಕೆಂದು ಸಿದ್ಧಪಡಿಸಿಕೊಂಡ ಜೀಪುಗಳಲ್ಲಿ ಎಷ್ಟೋ ವಾಹನಗಳು ಕಾರ್ಖಾನೆಯಿಂದ ಹೊರಬಂದ ಸ್ವರೂಪದಲ್ಲಿ ಉಳಿದಿಲ್ಲ. ಎಂಜಿನ್ ಒಂದು ಕಾಲದ್ದು, ಗೇರ್‌ಬಾಕ್ಸ್ ಇನ್ನೊಂದರದು, ಹಿಂದಿನ ಆಕ್ಸಲ್ ಗುಜರಿಯಿಂದ ಬಂದದ್ದು.

ಈ ಮಾರ್ಪಾಡುಗಳ ಬಗ್ಗೆ ಕಾನೂನು ಈಗ ಹಿಂದೆಂದಿಗಿಂತ ಕಠಿಣವಾಗಿದೆ. ಹಳೆಯ ವಾಹನ ಉಳಿಸಿಕೊಳ್ಳುವ ವೆಚ್ಚವೂ ಏರಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು 20 ವರ್ಷ ದಾಟಿದ ಲಘು ಮೋಟಾರು ವಾಹನಗಳ ನೋಂದಣಿ ನವೀಕರಣ ಶುಲ್ಕವನ್ನು 5 ಸಾವಿರ ರೂ.ಗಳಿಂದ 10 ಸಾವಿರ ರೂ.ಗಳಿಗೆ ಹೆಚ್ಚಿಸಿತು. ಹಳೆಯ ವಾಹನಗಳು ರಸ್ತೆಯಿಂದ ದೂರವಾಗಲಿ ಎಂಬುದು ಇದರ ಹಿಂದಿನ ಆಶಯ. ಶುಲ್ಕ ಕಟ್ಟಿಸಿಕೊಂಡ ಮೇಲೆ ನಡೆಯುವ ತಪಾಸಣೆಯು ಬೆಟ್ಟದ ದಾರಿಯಲ್ಲಿ ನಿಜಕ್ಕೂ ಅಪಾಯ ತರುವ ದೋಷವನ್ನು ಕಾಣುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಮಾಧಾನಕರವಾಗಿಲ್ಲ. ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳ ಡಿಫರೆನ್ಷಿಯಲ್ ಅನುಪಾತ ಒಂದಕ್ಕೊಂದು ಹೊಂದದಿರುವುದೇ ಆ ದೋಷ.

ಹಲ್ಲುಗಳ ಲೆಕ್ಕ

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಆಕ್ಸಲ್ ತಲುಪುತ್ತದೆ. ಅಲ್ಲಿ ಪಿನಿಯನ್ ಎಂಬ ಸಣ್ಣ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್‌ನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಡಿಫರೆನ್ಷಿಯಲ್ ಅನುಪಾತ. ಗ್ಯಾರೇಜಿನ ಭಾಷೆಯಲ್ಲಿ ರೇಶಿಯೊ. 39 ಹಲ್ಲಿನ ಕ್ರೌನ್‌ಗೆ 8 ಹಲ್ಲಿನ ಪಿನಿಯನ್ ಇದ್ದರೆ 4.88. 47ಕ್ಕೆ 11 ಇದ್ದರೆ 4.27. ಸಂಖ್ಯೆ ದೊಡ್ಡದಾದಷ್ಟೂ ಏರುವ ಬಲ ಹೆಚ್ಚು, ವೇಗ ಕಡಿಮೆ.

ಭಾರತದ ಜೀಪುಗಳ ವಂಶವೃಕ್ಷ ಶುರುವಾಗುವುದು ವಿಲ್ಲೀಸ್‌ನಿಂದ. ಎರಡನೇ ಮಹಾಯುದ್ಧದ ಸೇನಾ ಜೀಪಿಗೆ 4.88 ಅನುಪಾತವಿತ್ತು. ಯುದ್ಧ ಮುಗಿದ ಮೇಲೆ ಅದೇ ಜೀಪನ್ನು ರೈತರಿಗೆ ಮಾರಲು ಹೊರಟ ಕಂಪನಿ, ಹೊಲದ ಕೆಲಸಕ್ಕೆ ಹೆಚ್ಚು ಎಳೆತ ಬೇಕೆಂದು ಅದನ್ನು 5.38ಕ್ಕೆ ಏರಿಸಿತು. 1940ರ ದಶಕದ ಕೊನೆಯಲ್ಲಿ ಮುಂಬೈನಲ್ಲಿ ಜೀಪುಗಳ ಜೋಡಣೆ ಆರಂಭಿಸಿದ ಮಹೀಂದ್ರಾ ಸಂಸ್ಥೆಯ ಮೂಲಕ ನಮ್ಮ ಮಲೆನಾಡಿಗೂ ಬಯಲುಸೀಮೆಗೂ ಬಂದದ್ದು ಈ ನಾಗರಿಕ ವಂಶವೇ. ಮುಂದೆ ಡೀಸೆಲ್ ಎಂಜಿನ್‌ಗಳು ಬಂದವು, ರಸ್ತೆಗಳು ಸುಧಾರಿಸಿದವು, 4.88, 4.27ರಂಥ ವೇಗದ ಅನುಪಾತಗಳು ಬಳಕೆಗೆ ಬಂದವು. ಹೊರಗಿನಿಂದ ನೋಡಿದರೆ ಆಕ್ಸಲ್‌ಗಳ ಹೌಸಿಂಗ್ ಹೆಚ್ಚುಕಡಿಮೆ ಒಂದೇ. ಒಳಗಿನ ಹಲ್ಲುಗಳು ಬೇರೆ. ಗೊಂದಲದ ಬೇರು ಇರುವುದು ಇಲ್ಲಿಯೇ.

ಮಾಲೀಕರು ಆಕ್ಸಲ್ ಬದಲಿಸಲು ಕಾರಣಗಳು ಹಲವು. ಹಳೆಯದರ ಕ್ರೌನ್-ಪಿನಿಯನ್ ಸವೆದು ಹೋಗಿರುತ್ತದೆ, ಹೊಸದು ಸಿಗುವುದಿಲ್ಲ. 5.38ರ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದವರಿಗೆ ಹೆದ್ದಾರಿಯಲ್ಲಿ ಎಂಜಿನ್ ಅರಚಿಕೊಳ್ಳುವುದು ಬೇಡವಾಗಿರುತ್ತದೆ. ಇನ್ನು ಕೆಲವರಿಗೆ ಅಗಲ ಹೆಚ್ಚಿರುವ, ಒಳ್ಳೆಯ ಬ್ರೇಕ್ ಇರುವ ಆಕ್ಸಲ್ ಬೇಕು. ಇವೆಲ್ಲ ನ್ಯಾಯವಾದ ಅಗತ್ಯಗಳೇ. ತೊಂದರೆ ಏನೆಂದರೆ, ಗುಜರಿಯಲ್ಲಿ ಸುಲಭವಾಗಿ ಸಿಗುವುದು ಎರಡು ಚಕ್ರ ಚಾಲನೆಯ ಕಮಾಂಡರ್, ಮಾರ್ಷಲ್, ಬೊಲೆರೊಗಳ ಹಿಂದಿನ ಆಕ್ಸಲ್. ಆ ವಾಹನಗಳಲ್ಲಿ ಚಾಲನೆ ಪಡೆಯುವ ಮುಂದಿನ ಆಕ್ಸಲ್ ಇರುವುದೇ ಇಲ್ಲ. ಹಾಗಾಗಿ ಹಿಂದಿನದು ಮಾತ್ರ ಬದಲಾಗುತ್ತದೆ, ಮುಂದಿನದು ಹಳೆಯದೇ ಉಳಿಯುತ್ತದೆ. ಎರಡು ಚಕ್ರದ ಜೀಪನ್ನು 'ಫೋರ್‌ವೀಲ್ ಮಾಡಿಸುವ' ಕೆಲಸದಲ್ಲಿ ಇದೇ ತಪ್ಪು ತಿರುವುಮುರುವಾಗಿ ನಡೆಯುತ್ತದೆ: ಎಲ್ಲಿಂದಲೋ ಮುಂದಿನ ಆಕ್ಸಲ್ ತಂದು ಕೂರಿಸುತ್ತಾರೆ, ಅದರ ರೇಶಿಯೊ ಹಿಂದಿನದಕ್ಕೆ ಸರಿಹೊಂದುತ್ತದೆಯೇ ಎಂದು ನೋಡುವುದಿಲ್ಲ.

ನೂರು ಮೀಟರ್‌ಗೆ ಹನ್ನೆರಡೂವರೆ ಮೀಟರ್

ಹೊಂದದಿದ್ದರೆ ಏನಾಗುತ್ತದೆ? ಈ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರ ಚಾಲನೆಯ ಲಿವರ್ ಎಳೆದೊಡನೆ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಲವು ಆಧುನಿಕ ವಾಹನಗಳಲ್ಲಿರುವಂತೆ ವ್ಯತ್ಯಾಸವನ್ನು ನುಂಗಿಕೊಳ್ಳುವ ನಡು ಡಿಫರೆನ್ಷಿಯಲ್ ಇಲ್ಲಿಲ್ಲ. ಹಿಂದೆ 4.27, ಮುಂದೆ 4.88 ಇದ್ದು, ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದರೆ, ಹಿಂದಿನ ಚಕ್ರಗಳು 100 ಮೀಟರ್ ಉರುಳುವಷ್ಟರಲ್ಲಿ ಮುಂದಿನ ಚಕ್ರಗಳು ಉರುಳಬಲ್ಲದ್ದು 87.5 ಮೀಟರ್ ಮಾತ್ರ. ಉಳಿದ ಹನ್ನೆರಡೂವರೆ ಮೀಟರ್ ದೂರವನ್ನು ಯಾವುದಾದರೂ ಒಂದು ಜೋಡಿ ಟೈರು ಉಜ್ಜಿಕೊಂಡೇ ಕ್ರಮಿಸಬೇಕು.

ಕೆಸರಿನಲ್ಲಿ ಟೈರು ಜಾರಿ ಈ ಲೆಕ್ಕ ಹೇಗೋ ಚುಕ್ತಾ ಆಗುತ್ತದೆ. ಜಾರುತ್ತಿರುವ ಟೈರಿಗೆ ನೆಲದ ಹಿಡಿತ ಇರುವುದಿಲ್ಲ, ಪಕ್ಕಕ್ಕೆ ತಡೆಯುವ ಬಲವೂ ಇರುವುದಿಲ್ಲ. ಹಿಡಿತಕ್ಕೆಂದೇ ನಾಲ್ಕು ಚಕ್ರ ಚಾಲನೆಗೆ ಹಾಕಿದ ಜೀಪಿನಲ್ಲಿ ಒಂದು ಜೋಡಿ ಚಕ್ರ ಸದಾ ಜಾರುತ್ತಲೇ ಇರುತ್ತದೆ ಎಂದಾಯಿತು. ಅದು ಮುಂದಿನ ಜೋಡಿಯಾದರೆ ಸ್ಟೀರಿಂಗ್ ತಿರುಗಿಸಿದಷ್ಟು ಜೀಪು ತಿರುಗುವುದಿಲ್ಲ. ಕೆಸರು ಮುಗಿದು ಒಣ ಬಂಡೆಯೋ ಡಾಂಬರೋ ಬಂದಾಗ ಜಾರಲು ಅವಕಾಶವಿಲ್ಲ. ಆಗ ಒತ್ತಡ ಶಾಫ್ಟ್‌ಗಳಲ್ಲಿ, ಜಾಯಿಂಟ್‌ಗಳಲ್ಲಿ, ಟ್ರಾನ್ಸ್‌ಫರ್ ಕೇಸ್‌ನ ಹಲ್ಲುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಲಿವರ್ ಹಿಂದೆಳೆದರೂ ಬಿಡಿಸಿಕೊಳ್ಳುವುದಿಲ್ಲ. ಕೊನೆಗೆ ಎಲ್ಲಿ ಬಲಹೀನವೋ ಅಲ್ಲಿ ಮುರಿಯುತ್ತದೆ. ಅದು ಸಪಾಟು ನೆಲದಲ್ಲೇ ಮುರಿಯುತ್ತದೆಂಬ ಖಾತರಿ ಯಾರಿಗೂ ಇಲ್ಲ.

ಶೇ 1ರೊಳಗಿನ ವ್ಯತ್ಯಾಸವನ್ನು, ಉದಾಹರಣೆಗೆ ಒಂದು ಕಡೆ 4.09 ಇನ್ನೊಂದು ಕಡೆ 4.10 ಇರುವುದನ್ನು, ವಾಹನ ಸಹಿಸಿಕೊಳ್ಳುತ್ತದೆ. ಟೈರುಗಳ ಸವೆತದಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ. ಶೇ 14ರ ವ್ಯತ್ಯಾಸವನ್ನು ಸಹಿಸುವುದಿಲ್ಲ.

ಎರಡೂ ಆಕ್ಸಲ್‌ಗಳನ್ನು ಒಟ್ಟಿಗೆ ಬದಲಿಸಿ ಅನುಪಾತ ಹೊಂದಿಸಿದರೂ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ. ಹಳೆಯ ವಿಲ್ಲೀಸ್‌ನ ಮೊದಲ ಗೇರಿನ ಅನುಪಾತ 2.798, ಟ್ರಾನ್ಸ್‌ಫರ್ ಕೇಸ್‌ನ ಲೋ ಗೇರು 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆಯೇ ಜೀಪು ಆಮೆಯಂತೆ ಇಳಿಯುವುದು ಈ ಸಂಖ್ಯೆಯ ಬಲದಿಂದ. 4.27ರ ಆಕ್ಸಲ್ ಹಾಕಿದರೆ ಇದು 29.4ಕ್ಕೆ ಇಳಿಯುತ್ತದೆ. ಏರುವ ಬಲದಂತೆಯೇ ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಆ ಭಾರ ಹಳೆಯ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ, ಅವು ನೀರು ಕುಡಿದಿರುವ ಮಳೆಗಾಲದಲ್ಲೂ ಬೀಳುತ್ತದೆ. ಹೆದ್ದಾರಿಯ ಸುಖಕ್ಕೆ ಬೆಟ್ಟದಲ್ಲಿ ತೆರುವ ಬೆಲೆ ಇದು.

ಸ್ಪೀಡೋಮೀಟರ್ ಕೂಡ ಸುಳ್ಳಾಡತೊಡಗುತ್ತದೆ. ಅದು ಓದುವುದು ಚಕ್ರವನ್ನಲ್ಲ, ಆಕ್ಸಲ್‌ಗೆ ಮುಂಚಿನ ಶಾಫ್ಟ್‌ನ ಸುತ್ತುಗಳನ್ನು. 5.38ಕ್ಕೆ ಹೊಂದಿಸಿದ ಮೀಟರಿನ ಜೀಪಿಗೆ 4.27 ಹಾಕಿದರೆ, ಗಂಟೆಗೆ 60 ಕಿ.ಮೀ. ಓಡುತ್ತಿರುವಾಗ ಮುಳ್ಳು ತೋರಿಸುವುದು ಸುಮಾರು 48. ಕೇಬಲ್‌ನ ತುದಿಯಲ್ಲಿರುವ ಸಣ್ಣ ಗೇರನ್ನೂ ಬದಲಿಸಬೇಕೆಂಬುದು ಬಹುತೇಕರಿಗೆ ನೆನಪಾಗುವುದೇ ಇಲ್ಲ. ಆಗಿನ ಜೀಪುಗಳಲ್ಲಿ ಮೀಟರ್ ಕೆಟ್ಟಿರುವುದೇ ಸಾಮಾನ್ಯವಾದ್ದರಿಂದ ಇದು ಯಾರಿಗೂ ಗೊತ್ತಾಗದೆಯೂ ಹೋಗಬಹುದು!

ನ್ಯಾಯಾಲಯ ಹೇಳಿದ್ದೇನು?

ವಾಹನ ಮಾರ್ಪಾಡಿನ ಕುರಿತ ಇಂದಿನ ಕಾನೂನಿನ ನೆಲೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಮಾರ್ಪಡಿಸಕೂಡದು ಎಂಬುದು ಅದರ ತಿರುಳು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಅರ್ಥೈಸಿತು. ಮಾದರಿ ವಾಹನವನ್ನು ಪರೀಕ್ಷೆಗೆ ಒಡ್ಡಿ ಅನುಮೋದನೆ ಪಡೆದಿರುವಾಗ ಅದನ್ನು ಮಾಲೀಕರು ಮನಬಂದಂತೆ ಬದಲಿಸುವುದು ಸಲ್ಲದೆಂದ ಪೀಠ, ಕೇರಳ ಹೈಕೋರ್ಟ್‌ನ ವಿಭಾಗೀಯ ಪೀಠದ ತೀರ್ಪನ್ನು ರದ್ದುಪಡಿಸಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 182ಎ ಕಲಂ ಸೇರಿಸಿತು. ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂ. ದಂಡ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ.

ಉದ್ದೇಶ ಸರಿಯಾದದ್ದೇ. ಬೀದಿ ಬದಿಯ ವೆಲ್ಡಿಂಗ್‌ನಲ್ಲಿ ಹುಟ್ಟಿದ ವಾಹನಗಳಿಂದ ಬೇರೆಯವರ ಜೀವಕ್ಕೂ ಅಪಾಯವಿದೆ. ಆಕ್ಸಲ್ ಬದಲಾವಣೆಯ ವಿಷಯಕ್ಕೆ ಬಂದಾಗ ಮಾತ್ರ ಈ ಕಾನೂನು ಮಂಜಿನೊಳಗೆ ಸಿಲುಕುತ್ತದೆ. ಕಾಯ್ದೆಯ ವಿವರಣೆಯಂತೆ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ. ಹಾಳಾದ ಆಕ್ಸಲ್ ತೆಗೆದು ಅದೇ ಮಾದರಿಯದನ್ನು ಹಾಕುವುದು ದುರಸ್ತಿ, ಅದರಲ್ಲಿ ವಿವಾದವಿಲ್ಲ. ಅದೇ ಹೌಸಿಂಗ್, ಒಳಗೆ ಬೇರೆ ಹಲ್ಲು? ಇದು ದುರಸ್ತಿಯೋ ಮಾರ್ಪಾಡೋ? ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಸಿಲಿಂಡರುಗಳ ಸಂಖ್ಯೆ, ಗಾಲಿಗಳ ನಡುವಿನ ಅಂತರ, ಖಾಲಿ ತೂಕ, ಆಸನಗಳ ಸಂಖ್ಯೆ ಇರುತ್ತವೆ. ಡಿಫರೆನ್ಷಿಯಲ್ ಅನುಪಾತ ಇರುವುದಿಲ್ಲ. ಪತ್ರದಲ್ಲೇ ಇಲ್ಲದ ವಿವರಕ್ಕೆ ವ್ಯತ್ಯಾಸ ಬಂದಿದೆಯೆಂದು ಹೇಳುವುದು ಹೇಗೆ?

ತಪಾಸಣೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಎಫ್‌ಸಿಗೆ ಸಂಬಂಧಿಸಿದಂತೆ ಕೇಂದ್ರ ಮೋಟಾರು ವಾಹನ ನಿಯಮಗಳ 62ನೇ ನಿಯಮದ ಪಟ್ಟಿಯಲ್ಲಿ ಹೆಡ್‌ಲೈಟ್, ಕನ್ನಡಿ, ಗಾಜು, ಹಾರ್ನ್, ಸೈಲೆನ್ಸರ್, ವೈಪರ್, ಹೊಗೆ, ಬ್ರೇಕ್, ಸ್ಪೀಡೋಮೀಟರ್, ಸ್ಟೀರಿಂಗ್ ಎಲ್ಲವೂ ಇವೆ. ನಾಲ್ಕು ಚಕ್ರ ಚಾಲನೆಯ ಲಿವರ್ ಎಳೆದು ಎರಡೂ ಆಕ್ಸಲ್ ಸಮನಾಗಿ ತಿರುಗುತ್ತವೆಯೇ ಎಂದು ನೋಡುವ ಪರೀಕ್ಷೆಯಿಲ್ಲ. ಈ ದೋಷ ಕಾಣಿಸಿಕೊಳ್ಳುವುದು ಆ ಲಿವರ್ ಎಳೆದಾಗ ಮಾತ್ರ. ಎರಡು ಚಕ್ರ ಚಾಲನೆಯಲ್ಲಿ ಅದೇ ಜೀಪು ಸಾಧುವಿನಂತೆ ಓಡುತ್ತದೆ, ಬ್ರೇಕ್ ಪರೀಕ್ಷೆಯ ರೋಲರ್ ಮೇಲೆಯೂ ಪಾಸಾಗುತ್ತದೆ. ಯಂತ್ರಗಳಿಂದಲೇ ತಪಾಸಣೆ ನಡೆಸುವ ಹೊಸ ಕೇಂದ್ರಗಳು ಬಂದರೂ ಅವುಗಳ ಕಣ್ಣಿಗೆ ಇದು ಬೀಳಬೇಕಾದ ಕಾರಣವಿಲ್ಲ.

ಪರಿಣಾಮವೇನೆಂದರೆ ದಾರಿಯಲ್ಲಿ ತಡೆದಾಗ ದಂಡ ಬೀಳುವುದು ಕಣ್ಣಿಗೆ ಕಾಣುವ ಬಂಪರ್‌ಗೆ, ಹೊರಗೆ ಚಾಚಿದ ಟೈರಿಗೆ, ಮೇಲೆ ಕಟ್ಟಿದ ಲೈಟಿಗೆ. ದಂಡಕ್ಕೆ ಹೆದರಿದ ಮಾಲೀಕ ಆಕ್ಸಲ್ ಕೆಲಸಕ್ಕೆ ಬಿಲ್ ಕೇಳುವುದಿಲ್ಲ, ಮೆಕ್ಯಾನಿಕ್ ಕೊಡುವುದೂ ಇಲ್ಲ. ಆ ಜೀಪು ಎರಡು ಕೈ ಬದಲಾದ ಮೇಲೆ ಅದರ ಹೊಟ್ಟೆಯೊಳಗೆ ಯಾವ ಹಲ್ಲುಗಳಿವೆಯೆಂದು ಬಲ್ಲವರು ಯಾರೂ ಉಳಿದಿರುವುದಿಲ್ಲ. ಬೆಟ್ಟದ ಬುಡದಲ್ಲಿ ಬಾಡಿಗೆ ಕೊಟ್ಟು ಹತ್ತುವ ಕುಟುಂಬಕ್ಕಂತೂ ಇದು ಗೊತ್ತಾಗುವ ಮಾರ್ಗವೇ ಇಲ್ಲ.

ಎರಡು ಸುತ್ತಿನ ಪರೀಕ್ಷೆ

ಈ ದೋಷವನ್ನು ಪತ್ತೆಹಚ್ಚಲು ಪ್ರಯೋಗಾಲಯ ಬೇಕಿಲ್ಲ ಎಂಬುದೇ ವಿಪರ್ಯಾಸ. ಜೀಪನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಬೇಕು. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿರಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನೇ ಆದ್ದರಿಂದ ಅದನ್ನು ಬಿಡಬೇಕಾಗುತ್ತದೆ. ಕಲ್ಲು ಕೊಡುವುದು ಅಷ್ಟು ಮುಖ್ಯವಾಗುವುದು ಇದರಿಂದಲೇ. ಶಾಫ್ಟ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಇನ್ನೇನು ಐದು ಸುತ್ತು ಮುಗಿಯಿತು ಎನ್ನುವಷ್ಟಿದ್ದರೆ 4.88, ನಾಲ್ಕೂಕಾಲು ದಾಟಿದರೆ 4.27, ಐದು ಮುಗಿದು ಮೂರನೇ ಒಂದು ಭಾಗ ಮೇಲಾದರೆ 5.38. ಮುಂದಿನ ಆಕ್ಸಲ್‌ಗೂ ಹೀಗೆಯೇ; ಫ್ರೀವೀಲ್ ಹಬ್ ಇದ್ದರೆ ಲಾಕ್ ಮಾಡಿರಬೇಕು, ಅಷ್ಟೆ. ಎರಡು ಸುತ್ತು ಯಾಕೆಂದರೆ, ಒಂದು ಚಕ್ರ ನೆಲ ಕಚ್ಚಿ ನಿಂತಿರುವಾಗ ಡಿಫರೆನ್ಷಿಯಲ್‌ನ ಗುಣದಿಂದ ಇನ್ನೊಂದು ಚಕ್ರ ದುಪ್ಪಟ್ಟು ತಿರುಗುತ್ತದೆ.

ಇಷ್ಟನ್ನು ಮಾಡಲು ತಿಳಿದವರಿಗೆ ಕಾಲು ಗಂಟೆ ಸಾಕು. ಆಕ್ಸಲ್ ಕೊಳ್ಳುವ ಮುನ್ನವಾದರೆ ಇನ್ನೂ ಸುಲಭ, ಹಿಂದಿನ ಮುಚ್ಚಳ ತೆಗೆದು ಹಲ್ಲುಗಳನ್ನೇ ಎಣಿಸಬಹುದು. ಕ್ರೌನ್‌ನ ಮೇಲೆಯೇ ಹಲ್ಲಿನ ಸಂಖ್ಯೆ ಕೊರೆದಿರುವುದೂ ಉಂಟು.

ಹೊಂದಿಸುವ ಕೆಲಸ ಮಾತ್ರ ಸುಲಭವಲ್ಲ. ಒಂದು ಆಕ್ಸಲ್‌ನ ಕ್ರೌನ್-ಪಿನಿಯನ್ ಬದಲಿಸುವುದೆಂದರೆ ಶಿಮ್‌ಗಳನ್ನು ಹಾಕಿ ತೆಗೆದು, ಹಲ್ಲುಗಳ ನಡುವಿನ ಆಟವನ್ನು ಅಳೆದು, ಬಣ್ಣ ಬಳಿದು ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತಿದೆಯೆಂದು ನೋಡಿ ಮಾಡಬೇಕಾದ ಕೆಲಸ. ಅಂದಾಜಿನಲ್ಲಿ ಮಾಡಿದರೆ ಮೊದಲು ಗೊಂಯ್ ಎನ್ನುವ ಸದ್ದು, ಆಮೇಲೆ ಲೋಹದ ಪುಡಿ. ವಿಲ್ಲೀಸ್ ವಂಶದ ಜೀಪುಗಳ ಹಿಂದಿನ ಆಕ್ಸಲ್‌ನಲ್ಲಿ, ಅಂದರೆ ಡಾನಾ 44ರಲ್ಲಿ, 3.73 ಮತ್ತು ಅದಕ್ಕಿಂತ ಕಡಿಮೆ ಅನುಪಾತಕ್ಕೆ ಒಂದು ಬಗೆಯ ಒಳಗೂಡು, 3.92 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಇನ್ನೊಂದು ಬೇಕು. 5.38 ತೆಗೆದು 4.27 ಕೂರಿಸುವವರಿಗೆ ಹಳೆಯ ಗೂಡೇ ಸಾಕಾದೀತು; 3.73ಕ್ಕೆ ಆಸೆಪಟ್ಟವರು ಅದನ್ನೂ ಹುಡುಕಬೇಕು. ಇನ್ನೊಂದು ತೊಡಕಿದೆ. ಈ ಜೀಪುಗಳಲ್ಲಿ ಡಿಫರೆನ್ಷಿಯಲ್‌ನ ಗುಂಡು ಆಕ್ಸಲ್‌ನ ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸ್‌ನಿಂದ ಶಾಫ್ಟ್ ಹೊರಬರುವುದೂ ಅದೇ ಬದಿಯಲ್ಲಿ. ನಡುವೆ ಗುಂಡು ಇರುವ ಬೇರೆ ವಾಹನದ ಆಕ್ಸಲ್ ತಂದರೆ ಶಾಫ್ಟ್ ಓರೆಯಾಗಿ ಓಡಬೇಕಾಗುತ್ತದೆ, ಜಾಯಿಂಟ್‌ಗಳು ಬೇಗ ಸೋಲುತ್ತವೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಆಕ್ಸಲ್ ಕೊನೆಯಲ್ಲಿ ಅಗ್ಗವಾಗುವುದು ಅಪರೂಪ. ಖರ್ಚು ಕೈಮೀರುತ್ತದೆ ಎನ್ನುವವರು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು ಜೀಪನ್ನು ಎರಡು ಚಕ್ರದ ವಾಹನವಾಗಿ ಓಡಿಸುವುದು ಮೇಲು. ಅದು ಪ್ರಾಮಾಣಿಕವಾದ ದಾರಿ, ಮತ್ತು ಅಂಥ ಜೀಪು ಕೊಡಚಾದ್ರಿಗೆ ಹೋಗತಕ್ಕದ್ದಲ್ಲ.

ಸರ್ಕಾರದ ಕೈಯಲ್ಲಿ ಉಪಾಯಗಳಿಲ್ಲವೆಂದಲ್ಲ. 2019ರ ತಿದ್ದುಪಡಿಯಲ್ಲೇ, ಯಾವ ಮಾರ್ಪಾಡಿಗೆ ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಡಬಹುದೆಂದು ನಿಯಮ ರೂಪಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಲಾಗಿದೆ. ಸಿಎನ್‌ಜಿ ಕಿಟ್ ಅಳವಡಿಸಿದರೆ ಅದನ್ನು ನೋಂದಣಿ ಪತ್ರದಲ್ಲಿ ದಾಖಲಿಸುವ ಪದ್ಧತಿ ಇರುವಾಗ, ಬದಲಾದ ಆಕ್ಸಲ್‌ನ ಅನುಪಾತವನ್ನು ಒಂದು ಸಾಲಿನಲ್ಲಿ ದಾಖಲಿಸುವುದು ಅಸಾಧ್ಯದ ಮಾತಲ್ಲ. ಅದಕ್ಕೂ ಕಾಯಬೇಕಿಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನಗಳು ಪ್ರತಿವರ್ಷ ಎಫ್‌ಸಿಗೆ ಬರಲೇಬೇಕು. 15 ವರ್ಷ ದಾಟಿದ ಖಾಸಗಿ ಜೀಪುಗಳು ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರಬೇಕು. ನಾಲ್ಕು ಚಕ್ರ ಚಾಲನೆಯ ವಾಹನಕ್ಕೆ ಮಾತ್ರ ಆ ಎರಡು ಸುತ್ತಿನ ಪರೀಕ್ಷೆಯನ್ನು ಸೇರಿಸಿದರೆ ನಿರೀಕ್ಷಕರಿಗೆ ಬೇಕಾಗುವುದು ಒಂದು ಜಾಕ್ ಮತ್ತು ಒಂದು ಸೀಮೆಸುಣ್ಣ. 10 ಸಾವಿರ ರೂ. ಶುಲ್ಕ ಕಟ್ಟುವ ಮಾಲೀಕ ಅಷ್ಟನ್ನು ನಿರೀಕ್ಷಿಸಿದರೆ ತಪ್ಪಾಗಲಾರದು.

ಖಾಸಗಿ ನೋಂದಣಿಯ ಬಿಳಿ ಬೋರ್ಡಿನ ಜೀಪುಗಳು ಬಾಡಿಗೆಗೆ ಓಡುವ ಕಡೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ವರ್ಷಕ್ಕೊಮ್ಮೆ ನೋಡಬೇಕಾದ ವಾಹನವನ್ನು ಐದು ವರ್ಷಕ್ಕೊಮ್ಮೆ ನೋಡಿದಂತಾಗುತ್ತದೆ, ಅದೂ ಹಾರ್ನ್ ಮತ್ತು ಹೆಡ್‌ಲೈಟನ್ನು. ಮಳೆಗಾಲ ಮುಗಿದು ಬೆಟ್ಟದ ದಾರಿಗಳಲ್ಲಿ ಪ್ರವಾಸಿಗರ ಸಾಲು ಶುರುವಾಗುವ ಹೊತ್ತಿಗೆ ಆಯಾ ಜಿಲ್ಲೆಯ ಸಾರಿಗೆ ಕಚೇರಿಗಳು ಜೀಪು ನಿಲ್ದಾಣಗಳಿಗೇ ಹೋಗಿ ಈ ಒಂದು ಪರೀಕ್ಷೆ ಮಾಡಬಹುದು. ಅದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ.